ಹತ್ತಕ್ಕೆ ಹತ್ತೂ ಹೊಸ ಹಾಡು: ಐರನ್ ಮೇಡನ್ ಪ್ರಕರಣ

2006ರ ಅಕ್ಟೋಬರ್. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ರಾಕ್ ಬ್ಯಾಂಡ್ ಐರನ್ ಮೇಡನ್ ತಂಡದ ಹೊಸ ಟೂರ್ ಶುರುವಾಯಿತು. ಮೊದಲ ಹಾಡು ಹೊಸದು. ಇರಲಿ, ಯಾವ ಬ್ಯಾಂಡ್ ಆದರೂ ಹೊಸ ಹಾಡಿನಿಂದ ಶುರು ಮಾಡುವುದು ಮಾಮೂಲಿ. ಎರಡನೆಯದೂ ಹೊಸದು. ಮೂರನೆಯದೂ ಹೊಸದೇ. ಹೀಗೆ ಹತ್ತನೆಯ ಹಾಡು ಮುಗಿಯುವ ತನಕ ಒಂದೇ ಒಂದು ಹಳೆಯ ಹಾಡು ಬರಲಿಲ್ಲ. ಒಂದು ತಿಂಗಳ ಹಿಂದಷ್ಟೇ ಅಂಗಡಿಗೆ ಬಂದಿದ್ದ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಆಲ್ಬಮನ್ನು ಮೊದಲಿಂದ ಕೊನೆಯವರೆಗೆ, ಅದೇ ಕ್ರಮದಲ್ಲಿ ನುಡಿಸಿಬಿಟ್ಟರು. ಹೆಚ್ಚೂಕಮ್ಮಿ 72 ನಿಮಿಷದ ಸಂಗೀತ.

ಆಮೇಲೆ ಐದು ಹಳೆಯ ಹಾಡು. ಆ ಐದರಲ್ಲಿ ಅವರ ಹೆಸರಾಂತ ಹಾಡು ‘ದಿ ನಂಬರ್ ಆಫ್ ದಿ ಬೀಸ್ಟ್’ ಇರಲಿಲ್ಲ. ‘ರನ್ ಟು ದಿ ಹಿಲ್ಸ್’, ‘ದಿ ಟ್ರೂಪರ್’ ಕೂಡ ಇರಲಿಲ್ಲ. ಗಣಪತಿ ಪೆಂಡಾಲಿಗೆ ಆರ್ಕೆಸ್ಟ್ರಾ ಕರೆಸಿದರೆ, ಅವರು ತಾವೇ ಕಟ್ಟಿದ ಹಾಡುಗಳನ್ನು ಹಾಡಿ ಗಂಟುಮೂಟೆ ಕಟ್ಟಿದ ಹಾಗೆ. ನಮ್ಮ ಕಡೆ ಆಗಿದ್ದರೆ ಎರಡನೇ ಹಾಡಿಗೇ ಚೀಟಿ ಮೇಲೆ ಚೀಟಿ ಹೋಗುತ್ತಿತ್ತು.

ಹಳೆಯ ರಾಕ್ ಬ್ಯಾಂಡುಗಳು ಹೊಸ ಹಾಡು ಮಾಡಿ ಜನರ ಕಿವಿಗೆ ಮುಟ್ಟಿಸುವುದು ಹೇಗೆ ಅನ್ನುವ ಪ್ರಶ್ನೆ ಬಂದಾಗಲೆಲ್ಲ ನನಗೆ ಈ ಟೂರ್ ನೆನಪಾಗುತ್ತದೆ. ಇಷ್ಟು ಹಟದಿಂದ ಈ ಪ್ರಯೋಗ ಮಾಡಿದ ದೊಡ್ಡ ಬ್ಯಾಂಡ್ ನನಗೆ ಬೇರೆ ಕಂಡಿಲ್ಲ. ಅದರ ಒಂದು ತುದಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಮುಟ್ಟಿತು.

ಪೈಪೋಟಿ ಯಾರ ಜೊತೆ?

ಹಳೆಯ ಬ್ಯಾಂಡಿಗೆ ಎದುರಾಳಿ ಅಂದರೆ ಈಗಿನ ಹುಡುಗರು ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾದ ಎದುರಾಳಿ ಆ ಬ್ಯಾಂಡಿನದೇ ಹಳೆಯ ಕ್ಯಾಸೆಟ್ಟು. ಹದಿನಾರನೇ ವಯಸ್ಸಲ್ಲಿ ಕ್ಯಾಸೆಟ್ಟಿನ ಟೇಪು ಸವೆಯುವಷ್ಟು ಸಲ ಕೇಳಿದ ಹಾಡದು. ಪರೀಕ್ಷೆಗೆ ಓದುವಾಗ ಕೇಳಿದ್ದು, ಗೆಳೆಯನ ರೂಮಲ್ಲಿ ಕೇಳಿದ್ದು. ನೂರಾರು ಸಲ ಕೇಳಿಸಿಕೊಂಡ ಹಾಡಿನ ಮುಂದೆ ನಿನ್ನೆ ಬಂದ ಹಾಡನ್ನು ನಿಲ್ಲಿಸಿ, ಯಾವುದು ಚೆನ್ನಾಗಿದೆ ಅಂತ ಕೇಳಿದರೆ ಉತ್ತರ ಮೊದಲೇ ಗೊತ್ತಿರುತ್ತದೆ. ಹೊಸದಕ್ಕೆ ಸಿಗುವುದು ಒಂದೋ ಎರಡೋ ಅವಕಾಶ. ಅದೂ ಸ್ಟೇಜಿನ ಮೇಲೆ, ಜನ ಬಿಯರ್ ತರಲು ಎದ್ದು ಹೋಗುವ ಹೊತ್ತಿನಲ್ಲಿ.

ಹಾಗಾಗಿ ಎಷ್ಟೋ ಬ್ಯಾಂಡುಗಳು ಒಳಗೊಳಗೇ ರಾಜಿಯಾಗಿಬಿಡುತ್ತವೆ. ಆಲ್ಬಂ ಬಿಡುಗಡೆ ಮಾಡುತ್ತಾರೆ, ಅದರಿಂದ ಎರಡು ಹಾಡು ನುಡಿಸುತ್ತಾರೆ, ಮುಂದಿನ ಟೂರ್ ಹೊತ್ತಿಗೆ ಆ ಎರಡನ್ನೂ ಮರೆಯುತ್ತಾರೆ. ಪೋಸ್ಟರಿಗೆ ಒಂದು ಹೆಸರು, ಟೀ ಶರ್ಟಿಗೆ ಒಂದು ಚಿತ್ರ ಬೇಕು, ಅಷ್ಟಕ್ಕೇ ಆಲ್ಬಂ. ದುಡ್ಡು ಬರುವುದು ಟಿಕೆಟ್ಟಿನಿಂದ, ಟಿಕೆಟ್ ಮಾರುವುದು ಹಳೆಯ ಹಾಡು. ಲೆಕ್ಕ ಇಷ್ಟು ಸಲೀಸಾಗಿ ಇರುವಾಗ ರಗಳೆ ಯಾಕೆ ಅಲ್ವಾ?

ಮೇಡನ್ 2006ಕ್ಕೆ ಬಂದ ದಾರಿ

ಸ್ಟೀವ್ ಹ್ಯಾರಿಸ್ ಅನ್ನುವ ಬೇಸ್ ಗಿಟಾರ್ ವಾದಕ ಪೂರ್ವ ಲಂಡನ್ನಿನ ಲೇಟನ್‌ನಲ್ಲಿ 1975ರ ಕ್ರಿಸ್‌ಮಸ್ ಹೊತ್ತಿಗೆ ಕಟ್ಟಿದ ತಂಡ ಇದು. ಮೊದಲ ಆಲ್ಬಂ 1980ರಲ್ಲಿ. ಬ್ರೂಸ್ ಡಿಕಿನ್ಸನ್ ಗಾಯಕನಾಗಿ ಸೇರಿದ ಮೇಲೆ 1982ರಲ್ಲಿ ‘ದಿ ನಂಬರ್ ಆಫ್ ದಿ ಬೀಸ್ಟ್’ ಬಂತು. ಅಲ್ಲಿಂದ ಆ ದಶಕ ಪೂರ್ತಿ ಅವರದೇ ಹಬ್ಬ. 1993ರಲ್ಲಿ ಡಿಕಿನ್ಸನ್ ಹೊರಟುಹೋದ. ಬ್ಲೇಜ್ ಬೇಲಿ ಹಾಡಿದ ಎರಡು ಆಲ್ಬಂಗಳ ಕಾಲದಲ್ಲಿ ತಂಡದ ಗ್ರಹಗತಿ ಅಷ್ಟು ಚೆನ್ನಾಗಿರಲಿಲ್ಲ. 1999ರಲ್ಲಿ ಡಿಕಿನ್ಸನ್ ವಾಪಸ್ ಬಂದ, ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಕೂಡ ಬಂದ. ಅವನ ಜಾಗದಲ್ಲಿದ್ದ ಯಾನಿಕ್ ಗರ್ಸ್‌ನನ್ನು ಕಳಿಸಲಿಲ್ಲ. ಹಾಗಾಗಿ ಡೇವ್ ಮರ್ರೆ ಸೇರಿ ಮೂರು ಗಿಟಾರ್. ಮನೆಗೆ ಅಣ್ಣ ವಾಪಸ್ ಬಂದ ಅಂತ ತಮ್ಮನನ್ನು ಹೊರಗೆ ಹಾಕದ ಹಾಗೆ. 2000ದಲ್ಲಿ ‘ಬ್ರೇವ್ ನ್ಯೂ ವರ್ಲ್ಡ್’, 2003ರಲ್ಲಿ ‘ಡ್ಯಾನ್ಸ್ ಆಫ್ ಡೆತ್’ ಮಾಡಿದರು.

ಇಲ್ಲಿ ಗಮನಿಸಬೇಕಾದ್ದು 2005. ಆ ವರ್ಷದ ಟೂರ್‌ನಲ್ಲಿ ಅವರು ನುಡಿಸಿದ್ದು ಮೊದಲ ನಾಲ್ಕು ಆಲ್ಬಂಗಳ ಹಾಡು ಮಾತ್ರ. ಎಲ್ಲವೂ 1980ರಿಂದ 1983ರ ನಡುವಿನದು. ಅಭಿಮಾನಿ ಕೇಳುವ ಹಬ್ಬದೂಟವನ್ನು ಮೊದಲೇ ಬಡಿಸಿ ಆಗಿತ್ತು. ಅದರ ಮುಂದಿನ ವರ್ಷವೇ ಹತ್ತಕ್ಕೆ ಹತ್ತೂ ಹೊಸದು. 2006ರ ಟೂರನ್ನು ಬರೀ ಹಟ, ಅಹಂಕಾರ ಅಂತ ಕರೆದವರು ಹಿಂದಿನ ವರ್ಷವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಆಲ್ಬಂ ಎಂಥದ್ದು?

ಲಂಡನ್ನಿನ ಸಾರ್ಮ್ ವೆಸ್ಟ್ ಸ್ಟುಡಿಯೋದಲ್ಲಿ, ಕೆವಿನ್ ಶರ್ಲಿ ನಿರ್ಮಾಣದಲ್ಲಿ ರೆಕಾರ್ಡ್ ಆಯಿತು. ಶರ್ಲಿಯ ಪದ್ಧತಿಯಂತೆ ತಂಡ ಒಟ್ಟಿಗೆ ನಿಂತು ನುಡಿಸುತ್ತಿತ್ತು. ಡ್ರಮ್ಸ್ ಇವತ್ತು, ಗಿಟಾರ್ ಮುಂದಿನ ವಾರ ಅಂತ ತುಂಡು ತುಂಡಾಗಿ ಕಟ್ಟಿದ್ದಲ್ಲ. ಸ್ಟುಡಿಯೋದಲ್ಲಿ ಒಂದೇ ಉಸಿರಿಗೆ ನುಡಿಸಲು ಬಂದ ಹಾಡನ್ನು ಸ್ಟೇಜಿನ ಮೇಲೂ ನುಡಿಸಬಹುದು. ಪೂರ್ತಿ ಆಲ್ಬಂ ನುಡಿಸುವ ಧೈರ್ಯ ಬಂದಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಇನ್ನೊಂದು ವಿಷಯ ಧ್ವನಿ ಕೆಲಸ ಮಾಡುವವರಿಗೆ ರುಚಿಸುತ್ತದೆ. ಸಾಮಾನ್ಯವಾಗಿ ಮಿಕ್ಸಿಂಗ್, ಅಂದರೆ ವಾದ್ಯ ಮತ್ತು ದನಿಗಳನ್ನು ಹದವಾಗಿ ಬೆರೆಸುವ ಕೆಲಸ, ಮುಗಿದ ಮೇಲೆ ಮಾಸ್ಟರಿಂಗ್ ಅಂತ ಒಂದು ಹಂತ ಇರುತ್ತದೆ. ಅಲ್ಲಿ ಹಾಡುಗಳ ಮಟ್ಟ ಸಮ ಮಾಡಿ, ಒಟ್ಟಾರೆ ಸದ್ದನ್ನು ಮೇಲೆ ಎತ್ತುತ್ತಾರೆ. 2006ರ ಸುಮಾರಿಗೆ ಇದು ವಿಪರೀತಕ್ಕೆ ಹೋಗಿತ್ತು. ಯಾರ ಸಿಡಿ ಜಾಸ್ತಿ ಕಿರುಚುತ್ತದೆ ಅನ್ನುವ ಪೈಪೋಟಿ. ಹ್ಯಾರಿಸ್‌ಗೆ ಮಿಕ್ಸ್ ಆದ ಟೇಪು ಹೇಗಿತ್ತೋ ಹಾಗೇ ಹಿಡಿಸಿತು. ಮಾಸ್ಟರಿಂಗ್ ಬೇಡ ಅಂದುಬಿಟ್ಟ. ಆ ಆಲ್ಬಂ ಹಾಗೇ ಅಂಗಡಿಗೆ ಬಂತು. ಅದೇ ಕಾಲದ ಬೇರೆ ಮೆಟಲ್ ಆಲ್ಬಂ ಕೇಳಿ ಇದನ್ನು ಹಾಕಿದರೆ ವಾಲ್ಯೂಮ್ ಸ್ವಲ್ಪ ಏರಿಸಬೇಕು ಅನ್ನಿಸುತ್ತದೆ. ಏರಿಸಿದರೆ ಡ್ರಮ್ಮಿನ ಸುತ್ತ ಗಾಳಿ ಆಡುವುದು ಕೇಳಿಸುತ್ತದೆ.

ಹಾಡುಗಳು ಯುದ್ಧ, ಧರ್ಮ, ಸಾವಿನ ಸುತ್ತ ತಿರುಗುತ್ತವೆ. ‘ಬ್ರೈಟರ್ ದ್ಯಾನ್ ಎ ಥೌಸಂಡ್ ಸನ್ಸ್’ ಅಣುಬಾಂಬಿನ ಬಗ್ಗೆ. ‘ದಿ ಲಾಂಗೆಸ್ಟ್ ಡೇ’ 1944ರಲ್ಲಿ ನಾರ್ಮಂಡಿ ತೀರದಲ್ಲಿ ಇಳಿದ ಸೈನಿಕರ ಬಗ್ಗೆ. ‘ಫಾರ್ ದ ಗ್ರೇಟರ್ ಗುಡ್ ಆಫ್ ಗಾಡ್’ ಹ್ಯಾರಿಸ್ ಒಬ್ಬನೇ ಬರೆದದ್ದು. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಇಡೀ ಪ್ರಕರಣದ ಗುಣವೂ ದೋಷವೂ ಅದರಲ್ಲೇ ಇದೆ. ಮೆಲ್ಲಗೆ ಶುರುವಾಗುತ್ತದೆ. ಡಿಕಿನ್ಸನ್ ಕೆಳಗಿನ ದನಿಯಲ್ಲಿ, ಹೆಚ್ಚೂಕಮ್ಮಿ ಮಾತಾಡಿದ ಹಾಗೆ ಹಾಡುತ್ತಾನೆ. ಆಮೇಲೆ ಮೂರೂ ಗಿಟಾರ್ ಒಟ್ಟಿಗೆ ಬೀಳುತ್ತವೆ. ಪಲ್ಲವಿ ಬರುತ್ತದೆ, ಮತ್ತೆ ಬರುತ್ತದೆ, ಮತ್ತೂ ಬರುತ್ತದೆ. ನಡುವೆ ಉದ್ದನೆಯ ವಾದ್ಯದ ಭಾಗ, ಕೊನೆಗೆ ಮತ್ತೆ ಮೆಲುದನಿ. ಒಟ್ಟು ಒಂಬತ್ತು ನಿಮಿಷಕ್ಕೂ ಹೆಚ್ಚು. ರಾತ್ರಿ ಹೆಡ್‌ಫೋನ್ ಹಾಕಿ ಕೂತರೆ ಇದು ಒಂದು ಪುಟ್ಟ ನಾಟಕ. ಆದರೆ ಈ ಆಲ್ಬಮ್ಮಿನಲ್ಲಿ ಮೆಲ್ಲಗೆ ಶುರುವಾಗಿ ಆಮೇಲೆ ಏರುವ ಹಾಡುಗಳೇ ಜಾಸ್ತಿ. ಸಾಲಾಗಿ ಕೇಳಿದರೆ ‘ಓ, ಮತ್ತೆ ಅದೇ ಬಾಗಿಲು’ ಅನ್ನಿಸುತ್ತದೆ.

ಸಭಾಂಗಣದಲ್ಲಿ ಇದು ಪೆಟ್ಟು ಕೊಡುತ್ತದೆ. ಸಾವಿರಾರು ಜನ ನಿಂತಿರುವ ಜಾಗದಲ್ಲಿ ಮೆಲುದನಿಯ ಒಂದು ನಿಮಿಷ ಅಂದರೆ ಪಕ್ಕದವನ ಜೊತೆ ಮಾತಿಗೆ ಬಿಡುವು. ಹಾಡು ಗೊತ್ತಿದ್ದರೆ ಆ ನಿಮಿಷ ಕಾಯುವ ಖುಷಿ. ಗೊತ್ತಿಲ್ಲದಿದ್ದರೆ ಬರೀ ಕಾಯುವುದು.

ಏನಾಯಿತು?

ಗೊಣಗಾಟ ಆಯಿತು. ಹಳೆಯದು ಬೇಕಿತ್ತು ಅಂದವರು ಸಾಕಷ್ಟು ಜನ. ಇಷ್ಟು ದುಡ್ಡು ಕೊಟ್ಟು ಗೊತ್ತಿಲ್ಲದ ಹಾಡು ಕೇಳಲು ಬಂದೆವಾ ಅನ್ನುವ ಸಿಟ್ಟು ನ್ಯಾಯವಾದದ್ದೇ. ಹತ್ತು ವರ್ಷಕ್ಕೊಮ್ಮೆ ಟಿಕೆಟ್ ಕೊಳ್ಳುವವನಿಗೆ ಹಿಂದಿನ ವರ್ಷದ ಹಬ್ಬದೂಟದ ಲೆಕ್ಕ ಹೇಳಿ ಏನು ಪ್ರಯೋಜನ? ಇನ್ನೊಂದು ಕಡೆ, ಐವತ್ತರ ಆಸುಪಾಸಿನ ಆರು ಜನ ತಮ್ಮ ಈಗಿನ ಕೆಲಸದ ಮೇಲೆ ಇಷ್ಟು ನಂಬಿಕೆ ಇಟ್ಟಿದ್ದಾರಲ್ಲ ಅಂತ ಮೆಚ್ಚಿದವರೂ ಇದ್ದರು. ಸ್ಟೇಜಿನ ಮೇಲೆ ಯುದ್ಧಭೂಮಿಯ ಸೆಟ್ಟು, ಟ್ಯಾಂಕಿನ ಮೇಲೆ ಕೂತು ಬರುವ ಎಡ್ಡಿ. ಎಡ್ಡಿ ಅಂದರೆ ಆ ತಂಡದ ಪ್ರತಿ ಆಲ್ಬಂ ಮೇಲೂ ಇರುವ ಅಸ್ಥಿಪಂಜರದ ಭೂತ. ಹಾಡು ಹಿಡಿಸದವನಿಗೂ ನೋಡುವುದಕ್ಕೆ ಏನೋ ಇತ್ತು.

ಅಂಕಿಗಳ ಕಡೆ ನೋಡಿದರೆ, ಈ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಬಂತು. ಅಮೆರಿಕದಲ್ಲಿ ಅವರು ಮೊದಲ ಹತ್ತರೊಳಗೆ ಬಂದಿದ್ದು ಅದೇ ಮೊದಲು. ಅವರ ಸುವರ್ಣಕಾಲದ 1986ರ ‘ಸಮ್‌ವೇರ್ ಇನ್ ಟೈಮ್’ ಕೂಡ ಅಲ್ಲಿ 11ಕ್ಕೆ ನಿಂತಿತ್ತು. ಬ್ರಿಟನ್ನಿನಲ್ಲಿ 4ನೇ ಸ್ಥಾನ. ಹಾಗಂತ ಕುಣಿಯುವಂತಿಲ್ಲ. 2006ರ ಹೊತ್ತಿಗೆ ಸಿಡಿ ಮಾರಾಟವೇ ಬಿದ್ದಿತ್ತು. ದುಡ್ಡು ಕೊಟ್ಟು ಸಿಡಿ ಕೊಳ್ಳುವ ಅಭ್ಯಾಸ ಬಿಡದವರಲ್ಲಿ ಮೆಟಲ್ ಅಭಿಮಾನಿಗಳೇ ಮುಂದು. ಅಂದರೆ ಏಣಿ ಗಿಡ್ಡ ಆಗಿತ್ತು, ಇವರು ಮೇಲೆ ಕಂಡರು. 9ನೇ ಸ್ಥಾನದ ಬಗ್ಗೆ ಓದುವಾಗಲೆಲ್ಲ ಈ ಮಾತು ಸೇರಿಸಿಕೊಂಡೇ ಓದಬೇಕು.

ಅರಮನೆ ಮೈದಾನ, 17 ಮಾರ್ಚ್ 2007

ಡಿಸೆಂಬರಿಗೆ ಆ ಸುತ್ತು ಮುಗಿಯಿತು. 2007ರ ಮಾರ್ಚ್‌ನಲ್ಲಿ ದುಬೈ ಮುಗಿಸಿ ಬೆಂಗಳೂರಿಗೆ ಬಂದರು. ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ಅಷ್ಟರಲ್ಲಿ ನುಡಿಸುವ ಹಾಡುಗಳ ಪಟ್ಟಿ ಬದಲಾಗಿತ್ತು. ‘ದಿ ನಂಬರ್ ಆಫ್ ದಿ ಬೀಸ್ಟ್’ ಆಲ್ಬಮ್ಮಿಗೆ 25 ವರ್ಷ ಅನ್ನುವ ನೆಪ ಸಿಕ್ಕಿತ್ತು. ಹೊಸ ಆಲ್ಬಮ್ಮಿನಿಂದ ಅರ್ಧದಷ್ಟು ಹಾಡು ಉಳಿಸಿಕೊಂಡು, ಬಿಟ್ಟಿದ್ದ ಹಳೆಯ ಹಾಡುಗಳನ್ನು ವಾಪಸ್ ತಂದರು. ಪೂರ್ತಿ ಆಲ್ಬಂ ಕೇಳುವ ಭಾಗ್ಯವೋ ಶಿಕ್ಷೆಯೋ, ಅದು ಬೆಂಗಳೂರಿಗೆ ಸಿಗಲಿಲ್ಲ.

ಇಲ್ಲಿನ ಲೆಕ್ಕ ಬೇರೆ ಇತ್ತು ಅನ್ನುವುದು ನನಗೆ ಮುಖ್ಯ. ಲಂಡನ್ನಿನ ಅಭಿಮಾನಿ ‘ದಿ ಟ್ರೂಪರ್’ ಅನ್ನು ಏಳೆಂಟು ಸಲ ಕಣ್ಣೆದುರು ನೋಡಿರಬಹುದು. ಬೆಂಗಳೂರಲ್ಲಿ ನಿಂತವರು ಅದನ್ನು ನಕಲಿ ಕ್ಯಾಸೆಟ್ಟಿನಲ್ಲಿ, ಗೆಳೆಯ ಕಾಪಿ ಮಾಡಿಕೊಟ್ಟ ಸಿಡಿಯಲ್ಲಿ, ಬ್ರಿಗೇಡ್ ರೋಡಿನ ಸುತ್ತಮುತ್ತಲ ಪಬ್ಬುಗಳ ಸ್ಪೀಕರಿನಲ್ಲಿ ಕೇಳಿದವರು. ಹತ್ತಿಪ್ಪತ್ತು ವರ್ಷ ಕಾದಿದ್ದರು. ಅವರಿಗೆ ಸ್ಟೇಜಿನ ಮೇಲೆ ಎಲ್ಲವೂ ಮೊದಲ ಸಲವೇ. 1983ರ ಹಾಡೂ ಹೊಸದು, 2006ರ ಹಾಡೂ ಹೊಸದು. ಕಾರ್ಯಕ್ರಮ ಶುರುವಾದದ್ದೇ ‘ಡಿಫರೆಂಟ್ ವರ್ಲ್ಡ್’ ಅನ್ನುವ ಹೊಸ ಹಾಡಿನಿಂದ. ಮೊದಲ ಸಲ ಮೇಡನ್ ನೋಡಿದ ನೆನಪಿಗೆ ಆ ಹಾಡೇ ಅಂಟಿಕೊಂಡ ಒಂದು ಪೀಳಿಗೆ ನಮ್ಮಲ್ಲಿದೆ.

ಅವತ್ತು ಅವರಿಗಿಂತ ಮೊದಲು ನುಡಿಸಿದ್ದು ದೆಹಲಿಯ ಪರಿಕ್ರಮ ತಂಡ. ಅದೇ ವರ್ಷ ಜೂನ್‌ನಲ್ಲಿ ಪರಿಕ್ರಮದವರು ಇಂಗ್ಲೆಂಡಿನ ಡೌನ್‌ಲೋಡ್ ಅನ್ನುವ ರಾಕ್ ಉತ್ಸವದಲ್ಲೂ ನುಡಿಸಿದರು.

ಮತ್ತೆ 2009ರ ಫೆಬ್ರವರಿ 15ಕ್ಕೆ ಮೇಡನ್ ಅದೇ ಮೈದಾನಕ್ಕೆ ಬಂದರು. ಈ ಸಲ ಪೂರ್ತಿ ತಿರುಗುಮುರುಗು. ಹೆಚ್ಚೂಕಮ್ಮಿ ಎಲ್ಲ ಎಂಬತ್ತರ ದಶಕದ ಹಾಡುಗಳೇ, ಸ್ಟೇಜಿನ ಮೇಲೆ ಈಜಿಪ್ಟಿನ ಸೆಟ್ಟು. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೊಸ ಹಾಡು ಅಂದರೆ 1992ರ ‘ಫಿಯರ್ ಆಫ್ ದ ಡಾರ್ಕ್’. 2006ರ ಆಲ್ಬಮ್ಮಿನ ಸುಳಿವೇ ಇಲ್ಲ. ಎರಡು ವರ್ಷದ ಅಂತರದಲ್ಲಿ ಒಂದೇ ಮೈದಾನ ಈ ಒಪ್ಪಂದದ ಎರಡೂ ಮುಖ ನೋಡಿತು.

ಒಪ್ಪಂದ ಅಂದೆ

ಹೌದು, ನನ್ನ ಪ್ರಕಾರ ಮೇಡನ್ ಕಂಡುಕೊಂಡ ದಾರಿ ಇದೇ. ಬರೆದಿಟ್ಟ ಒಪ್ಪಂದ ಅಲ್ಲ, ವರ್ಷಗಳಲ್ಲಿ ಜನಕ್ಕೆ ಅಭ್ಯಾಸವಾದದ್ದು. ಒಂದು ಟೂರ್ ನಮ್ಮದು, ಒಂದು ಟೂರ್ ನಿಮ್ಮದು. 2010ರಲ್ಲಿ ಉತ್ತರ ಅಮೆರಿಕದಲ್ಲಿ ಬಹುಪಾಲು 2000ದ ನಂತರದ ಹಾಡುಗಳು. ಆ ವರ್ಷದ ‘ದಿ ಫೈನಲ್ ಫ್ರಾಂಟಿಯರ್’ ಬ್ರಿಟನ್ನಿನಲ್ಲಿ 1ನೇ ಸ್ಥಾನ, ಅಮೆರಿಕದಲ್ಲಿ 4. 2012ರಿಂದ ಮತ್ತೆ ಎಂಬತ್ತರ ದಶಕ. 2016ರಲ್ಲಿ ‘ದ ಬುಕ್ ಆಫ್ ಸೋಲ್ಸ್’ ಅನ್ನುವ ಎರಡು ಡಿಸ್ಕಿನ ಆಲ್ಬಮ್ಮಿನ ಹಾಡುಗಳು. ಅದರ ಕೊನೆಯ ಹಾಡು 1930ರಲ್ಲಿ ಬಿದ್ದು ಉರಿದ ಆರ್101 ವಾಯುನೌಕೆಯ ಕಥೆ, 18 ನಿಮಿಷ. ಇಪ್ಪತ್ತು ಸೆಕೆಂಡಿಗೆ ಬೆರಳು ಸರಿಸುವ ಕಾಲದಲ್ಲಿ 18 ನಿಮಿಷ! 2018ಕ್ಕೆ ಮತ್ತೆ ಹಳೆಯದರ ಸರದಿ.

ಹೊಸದಕ್ಕೆ ಸರಿಯಾದ ಜಾಗ ಕೊಡದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಐರ್ಲೆಂಡಿನ ಯು2 ಬ್ಯಾಂಡ್ ನೋಡಿ. 2014ರ ಸೆಪ್ಟೆಂಬರ್‌ನಲ್ಲಿ ಆಪಲ್ ಜೊತೆ ಸೇರಿ ‘ಸಾಂಗ್ಸ್ ಆಫ್ ಇನೊಸೆನ್ಸ್’ ಆಲ್ಬಮನ್ನು ಸುಮಾರು 50 ಕೋಟಿ ಐಟ್ಯೂನ್ಸ್ ಖಾತೆಗಳಿಗೆ ಪುಕ್ಕಟೆ ಸೇರಿಸಿಬಿಟ್ಟರು. ಕೇಳದೆ ಮನೆಗೆ ಬಂದ ನೆಂಟನ ಹಾಗಾಯಿತು. ಕೊನೆಗೆ ಆ ಆಲ್ಬಮನ್ನು ಅಳಿಸಲೆಂದೇ ಆಪಲ್ ಒಂದು ಪುಟ ಮಾಡಬೇಕಾಯಿತು. ಮೇಡನ್ನರೂ ಒತ್ತಾಯ ಮಾಡಿದವರೇ, ಆದರೆ ಜನ ತಾವಾಗಿ ಬಂದು ನಿಂತ ಜಾಗದಲ್ಲಿ.

ರೋಲಿಂಗ್ ಸ್ಟೋನ್ಸ್ ದಾರಿ ಇನ್ನೊಂದು. 2003ರ ಏಪ್ರಿಲ್‌ನಲ್ಲಿ ಅವರೂ ಇದೇ ಅರಮನೆ ಮೈದಾನಕ್ಕೆ ಬಂದಿದ್ದರು. ಆಗಿನ ಟೂರ್ ನಡೆಯುತ್ತಿದ್ದುದು 40 ಹಾಡುಗಳ ಒಂದು ಸಂಕಲನದ ಬಲದಲ್ಲಿ. ಅದರಲ್ಲಿ ಹೊಸದು ನಾಲ್ಕೇ. ಆಮೇಲೆ 2005ರಲ್ಲೊಂದು ಆಲ್ಬಂ ಮಾಡಿ, ಸ್ವಂತ ಹಾಡುಗಳ ಮುಂದಿನ ಆಲ್ಬಮ್ಮಿಗೆ 2023ರವರೆಗೆ, 18 ವರ್ಷ, ತಗೊಂಡರು. ಆ ‘ಹ್ಯಾಕ್ನಿ ಡೈಮಂಡ್ಸ್’ ಚೆನ್ನಾಗಿತ್ತು, ಗ್ರ್ಯಾಮಿ ಪ್ರಶಸ್ತಿಯೂ ಬಂತು. ಸ್ಟೋನ್ಸ್‌ಗೆ ಹೊಸ ಆಲ್ಬಂ ಅಂದರೆ ಅಪರೂಪದ ಮದುವೆ, ಮೇಡನ್‌ಗೆ ಅದು ದಿನದ ಅಡುಗೆ. ನನಗೆ ಎರಡನೆಯದರ ಮೇಲೆ ಪ್ರೀತಿ ಜಾಸ್ತಿ, ಉಪ್ಪು ಹೆಚ್ಚಾದ ದಿನವೂ ಸೇರಿ.

ಹಾಗಾದರೆ ಗೆದ್ದರಾ?

ಇಲ್ಲಿ ಉತ್ತರ ಸುಲಭ ಇಲ್ಲ. 2006ರ ಆ ಹತ್ತು ಹಾಡುಗಳಲ್ಲಿ ಎಷ್ಟು ಬದುಕಿವೆ ಅಂತ ನೋಡಿದರೆ ಸ್ವಲ್ಪ ಬೇಸರ ಆಗುತ್ತದೆ. 2018ರ ಹಳೆಯ ಹಾಡುಗಳ ಟೂರ್‌ನಲ್ಲಿ ‘ಫಾರ್ ದ ಗ್ರೇಟರ್ ಗುಡ್ ಆಫ್ ಗಾಡ್’ ವಾಪಸ್ ಬಂತು. ಹನ್ನೆರಡು ವರ್ಷದ ಮೇಲೆ ಅದಕ್ಕೆ ಹಿರಿಯರ ಪಂಕ್ತಿಯಲ್ಲಿ ಎಲೆ ಹಾಕಿದರು. ಉಳಿದವುಗಳಿಗೆ ಆ ಯೋಗ ಬರಲಿಲ್ಲ.

ಆದರೆ ಆಲ್ಬಂ ಮಾಡುವ ಅಭ್ಯಾಸ ಬದುಕಿತು, ಜನ ಕೇಳಿಸಿಕೊಳ್ಳುವ ಅಭ್ಯಾಸವೂ ಬದುಕಿತು. 2021ರ ‘ಸೆನ್‌ಜುತ್ಸು’ ಅಮೆರಿಕದಲ್ಲಿ 3ನೇ ಸ್ಥಾನಕ್ಕೆ ಹೋಯಿತು. 2023ರ ಟೂರ್‌ನಲ್ಲಿ ಅದರ ಐದು ಹಾಡು ನುಡಿಸಿದರು. ಆ ಹೊತ್ತಿಗೆ ಅವರು ಜಾಣರಾಗಿದ್ದರು. ಹತ್ತಕ್ಕೆ ಹತ್ತು ಅನ್ನುವ ಹಟ ಬಿಟ್ಟು, ಪಕ್ಕದಲ್ಲಿ 1986ರ ‘ಸಮ್‌ವೇರ್ ಇನ್ ಟೈಮ್’ ಆಲ್ಬಮ್ಮಿನ ಐದು ಹಾಡು ಇಟ್ಟರು. ಅದರಲ್ಲಿ ‘ಅಲೆಕ್ಸಾಂಡರ್ ದ ಗ್ರೇಟ್’ ಒಂದು. 37 ವರ್ಷದಲ್ಲಿ ಒಮ್ಮೆಯೂ ಸ್ಟೇಜಿಗೆ ಬಾರದಿದ್ದ ಹಾಡು. ಅಭಿಮಾನಿಗಳು ದಶಕಗಳಿಂದ ಕೇಳುತ್ತಿದ್ದದ್ದು. ಅದನ್ನು ಕೇಳಲು ಬಂದವನು ದಾರಿಯಲ್ಲಿ ಹೊಸ ಹಾಡುಗಳನ್ನು ದಾಟಿಯೇ ಹೋಗಬೇಕು. ಮಕ್ಕಳಿಗೆ ಬೆಲ್ಲದ ಜೊತೆ ಔಷಧಿ ಕೊಡುವ ಉಪಾಯ. ಇದನ್ನು 2006ರಲ್ಲೇ ಮಾಡಿದ್ದರೆ ಗೊಣಗಾಟ ಅರ್ಧಕ್ಕರ್ಧ ಕಡಿಮೆ ಆಗುತ್ತಿತ್ತು. ಆದರೆ ಆ ಟೂರನ್ನು ಇವತ್ತು ಯಾರೂ ನೆನೆಸಿಕೊಳ್ಳುತ್ತಲೂ ಇರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಟೂರ್‌ಗಳಿಂದ ನಿವೃತ್ತಿ ತಗೊಂಡ. ವಯಸ್ಸು 72. 2025ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಿಂದ ತಂಡದ 50ನೇ ವರ್ಷದ ಟೂರ್ ಶುರುವಾಯಿತು. ಅದರ ನಿಯಮ ಮೊದಲ ಒಂಬತ್ತು ಆಲ್ಬಂ ಮಾತ್ರ, ಅಂದರೆ 1980ರಿಂದ 1992. ಸರದಿ ಪ್ರಕಾರ ಇದು ಅಭಿಮಾನಿಗಳ ಟೂರ್, ದೂರು ಹೇಳುವ ಹಾಗಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿದೆ. 2007ರಲ್ಲಿ ಅರಮನೆ ಮೈದಾನದಲ್ಲಿ ‘ಫಿಯರ್ ಆಫ್ ದ ಡಾರ್ಕ್’ ಬಂದಾಗ ಅದು 15 ವರ್ಷದ ಹಾಡು. ಅದನ್ನು ಎಲ್ಲರೂ ಹಳೆಯ ಹಾಡು ಅಂತಲೇ ಎಣಿಸಿದ್ದರು. ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ಗೆ 2025ಕ್ಕೆ 19 ವರ್ಷ ತುಂಬಿತು. ನಾನು ಈಗಲೂ ಅದನ್ನು ‘ಹೊಸ ಮೇಡನ್’ ಅನ್ನುವ ಫೋಲ್ಡರಿನಲ್ಲೇ ಇಟ್ಟುಕೊಂಡಿದ್ದೇನೆ.